ಮದುವೆ ಹಾಡೋ, ಹೆಣ ಎತ್ತುವ ಹಾಡೋ? ತಂಬೂರಿ ಪದಗಳಲ್ಲಿ ಪ್ರೀತಿ ಮತ್ತು ಸಾವು

ಕಳೆದ ವರ್ಷ ಜಯನಗರದ ಒಂದು ಕಲ್ಯಾಣ ಮಂಟಪದಲ್ಲಿ ನನ್ನ ಕಾಕಾನ ಮಗಳ ರಿಸೆಪ್ಷನ್ ಇತ್ತು. ಊಟದ ಕೊನೇ ಪಂಕ್ತಿ ಮುಗೀತಾ ಬಂದಿತ್ತು. ಮೂಲೆಯಲ್ಲಿ ಸುಗಮ ಸಂಗೀತದವರು ಹಾಡ್ತಿದ್ದರು. ಮದುಮಗಳು ಹೊರಡುವ ಹೊತ್ತಿಗೆ ಗಾಯಕಿ ಶಿಶುನಾಳ ಶರೀಫರ ಪದ ಎತ್ತಿಕೊಂಡರು. ಅಳುತ್ತಿರುವ ತಂಗಿಗೆ ಸಮಾಧಾನ ಹೇಳುವ ಪದ, ನೀವೂ ಖಂಡಿತ ಕೇಳಿರುತ್ತೀರಿ. ಅಲ್ಲಿದ್ದ ಅರ್ಧ ಜನರ ಕಣ್ಣು ಒದ್ದೆ. ಪಕ್ಕದಲ್ಲಿ ಕೂತಿದ್ದ ಅಜ್ಜಿ ಮಾತ್ರ ನನ್ನ ಮೊಣಕೈ ಹಿಡಿದು, "ಇದನ್ಯಾಕ ಹಾಡಾಕತ್ತಾರಪಾ? ನಮ್ಮೂರಾಗ ಇದನ್ನ ಹೆಣಾ ಇಟ್ಟ ಮನ್ಯಾಗ ಹಾಡ್ತಾರ" ಅಂದರು.

ಅಜ್ಜಿ ಹಾವೇರಿ ಕಡೆಯವರು, ಅವರ ಮಾತು ಸುಳ್ಳಲ್ಲ. ಆದರೆ ಆವತ್ತು ಆ ಮಾತು ನನ್ನನ್ನು ಚುಚ್ಚಿದ್ದಕ್ಕೆ ಇನ್ನೊಂದು ಕಾರಣ ಇತ್ತು. ಹುಡುಗ ಬೇರೆ ಜಾತಿ. ರಿಜಿಸ್ಟರ್ ಮದುವೆ ಆಗಿ ಎರಡು ತಿಂಗಳಾಗಿತ್ತು. ಬನಶಂಕರಿಯಲ್ಲೇ ಇರುವ ಕಾಕಾ ರಿಸೆಪ್ಷನ್‌ಗೆ ಬಂದಿರಲಿಲ್ಲ. "ನನ್ನ ಪಾಲಿಗೆ ಅಕಿ ಸತ್ತಳು, ಎಳ್ಳುನೀರು ಬಿಟ್ಟೀನಿ" ಅಂತ ಫೋನಿನಲ್ಲಿ ಹೇಳಿ ಇಟ್ಟಿದ್ದರು. ಅಂದರೆ ಒಬ್ಬಳೇ ಹುಡುಗಿಗೆ ಜಯನಗರದಲ್ಲಿ ಮದುವೆ, ಎರಡು ಮೂರು ಕಿಲೋಮೀಟರ್ ಆಚೆ ತಿಥಿ. ಹಾಡು ಎರಡಕ್ಕೂ ಸರಿಹೊಂದುತ್ತಿತ್ತು!

ಆವತ್ತಿನಿಂದ ತಲೆಯಲ್ಲಿ ಕೊರೀತಿರುವ ಪ್ರಶ್ನೆ ಇದು: ಪ್ರೀತಿ, ಮದುವೆ, ಸಾವು, ಇವು ನಮ್ಮ ಹಾಡುಗಳಲ್ಲಿ ಯಾಕೆ ಇಷ್ಟು ಸಲೀಸಾಗಿ ಒಂದರ ಬಟ್ಟೆ ಒಂದು ಹಾಕಿಕೊಳ್ಳುತ್ತವೆ? ಇದನ್ನು ಬಿಡಿಸಿ ನೋಡೋಕೆ ಮೊದಲು ಸ್ವಲ್ಪ ದೂರ, 16ನೇ ಶತಮಾನದ ಕೊನೆಯ ಇಂಗ್ಲೆಂಡಿಗೆ ಹೋಗಿಬರೋಣ. ಪ್ರೀತಿ ಮತ್ತು ಸಾವನ್ನು ಒಂದೇ ತಂತಿಗೆ ಕಟ್ಟಿದವರಲ್ಲಿ ಅಲ್ಲಿನ ಲ್ಯೂಟ್ ಹಾಡುಗಾರರು ಜಗತ್ಪ್ರಸಿದ್ಧರು. ಪಕ್ಕದಲ್ಲಿ ಅವರನ್ನಿಟ್ಟುಕೊಂಡರೆ ನಮ್ಮವರು ಏನು ಮಾಡಿದರು ಅನ್ನೋದು ಇನ್ನೂ ಸ್ಪಷ್ಟವಾಗಿ ಕಾಣುತ್ತೆ.

ಲ್ಯೂಟ್ ಹಾಡಿನ ಸಾವು

ಲ್ಯೂಟ್ ಅಂದರೆ ಅರ್ಧ ಸೀಳಿದ ಪೇರುಕಾಯಿಯಂಥ ಬುರುಡೆಯ ತಂತಿವಾದ್ಯ. ಪ್ರಾಣಿಗಳ ಕರುಳಿನಿಂದ ಮಾಡಿದ ತಂತಿಗಳು, ಹೆಚ್ಚಿನವು ಜೋಡಿ ಜೋಡಿ. ಅರಬ್ಬರ 'ಊದ್' ವಾದ್ಯ ಯುರೋಪಿಗೆ ಹೋಗಿ ಲ್ಯೂಟ್ ಆಯಿತು. ಹೆಸರೂ 'ಅಲ್-ಊದ್' ಎಂಬುದರಿಂದಲೇ ಬಂದದ್ದು. ಇದರ ಅತಿ ದೊಡ್ಡ ಹೆಸರು ಜಾನ್ ಡೌಲ್ಯಾಂಡ್ (1563–1626). 1597ರಲ್ಲಿ ಬಂದ ಅವನ ಮೊದಲ ಹಾಡುಪುಸ್ತಕ ಹಲವು ಸಲ ಮರುಮುದ್ರಣ ಕಂಡಿತು. ಒಂದೇ ಪುಸ್ತಕವನ್ನು ಮೇಜಿನ ಮಧ್ಯೆ ಇಟ್ಟು ಸುತ್ತ ಕೂತವರೆಲ್ಲ ಹಾಡೋ ಹಾಗೆ, ಬೇರೆ ಬೇರೆ ದಿಕ್ಕಿಗೆ ತಿರುಗಿಸಿ ಸಾಲುಗಳನ್ನು ಅಚ್ಚು ಹಾಕಿದ್ದರು. ಪಾಪ್ ಗಾಯಕ ಸ್ಟಿಂಗ್ 2006ರಲ್ಲಿ ಇವನ ಹಾಡುಗಳದ್ದೇ ಒಂದು ಆಲ್ಬಮ್ ಮಾಡಿದ.

ಈ ಹಾಡುಗಳ ಪ್ರೇಮಿ ಸಾಮಾನ್ಯವಾಗಿ ಗಂಡಸು. ಅವಳು ಒಲಿಯೋದಿಲ್ಲ, ಇವನು ಸಾಯುತ್ತಾನೆ. ಕಣ್ಣೀರು, ಕತ್ತಲು, ಗೋರಿ, ಹೆಣದ ಬಟ್ಟೆ, ಇವೇ ಅಲಂಕಾರ. 1610ರಲ್ಲಿ ಡೌಲ್ಯಾಂಡನ ಮಗ ರಾಬರ್ಟ್ ಪ್ರಕಟಿಸಿದ 'ಎ ಮ್ಯೂಸಿಕಲ್ ಬ್ಯಾಂಕ್ವೆಟ್' ಸಂಕಲನದ ಒಂದು ಹಾಡಿನಲ್ಲಂತೂ ಪ್ರೇಮಿಗೆ ಬದುಕಿರುವಾಗಲೇ ಗೋರಿಯಂಥ ಕತ್ತಲ ಕೋಣೆ ಬೇಕು.

ಇನ್ನೊಂದು ವಿಷಯ. ಆ ಕಾಲದ ಇಂಗ್ಲಿಷಿನಲ್ಲಿ 'ಸಾಯುವುದು' ಎಂಬ ಪದಕ್ಕೆ ಮಿಲನದ ಪರಾಕಾಷ್ಠೆ ಎಂಬ ಗುಟ್ಟಿನ ಅರ್ಥವೂ ಇತ್ತು. 1597ರ ಪುಸ್ತಕದ ಒಂದು ಜನಪ್ರಿಯ ಹಾಡಿನಲ್ಲಿ ರಾಗ ಮೆಟ್ಟಿಲು ಮೆಟ್ಟಿಲಾಗಿ ಏರುತ್ತೆ: ನೋಟದಿಂದ ದನಿಗೆ, ದನಿಯಿಂದ ಸ್ಪರ್ಶಕ್ಕೆ, ಮುತ್ತಿಗೆ, ಕೊನೆಗೆ 'ಸಾವಿಗೆ'. ಕೇಳುವವರು ಮುಸಿಮುಸಿ ನಗುತ್ತಿದ್ದಿರಬೇಕು. ಇಲ್ಲಿ ಯಾರೂ ನಿಜವಾಗಿ ಸಾಯೋದಿಲ್ಲ. ಸಾವು ಪ್ರೀತಿಗೆ ತೊಡಿಸಿದ ಒಡವೆ. ದುಃಖ ಆಗ ಫ್ಯಾಷನ್ ಕೂಡ ಆಗಿತ್ತು; ಡೌಲ್ಯಾಂಡ್ ತನ್ನ ಹೆಸರನ್ನೇ ಲ್ಯಾಟಿನ್‌ನಲ್ಲಿ ತಿರುಚಿ 'ಸದಾ ದುಃಖಿ' ಎಂಬ ಬಿರುದು ಮಾಡಿಕೊಂಡಿದ್ದ.

ತಂಬೂರಿ: ನಮ್ಮ ಉದ್ದ ಕೊರಳಿನ ಲ್ಯೂಟ್

ವಾದ್ಯಶಾಸ್ತ್ರದ ಲೆಕ್ಕದಲ್ಲಿ ತಂಬೂರಿಯೂ ಲ್ಯೂಟ್ ಕುಟುಂಬದ್ದೇ, ಉದ್ದ ಕೊರಳಿನ ಶಾಖೆ. ಹೆಸರೂ ಪರ್ಷಿಯನ್ 'ತಂಬೂರ್' ಎಂಬುದರ ನಂಟು. ಅಂದರೆ ಲಂಡನ್ನಿನ ವಾದ್ಯದ ಹೆಸರೂ ಶಿಶುನಾಳದ ವಾದ್ಯದ ಹೆಸರೂ ಪಶ್ಚಿಮ ಏಷ್ಯಾ ದಾಟಿಯೇ ಬಂದಿವೆ.

ಇಂಜಿನಿಯರಿಂಗ್ ಓದಿದ ಚಟಕ್ಕೆ ಒಂದು ವ್ಯತ್ಯಾಸ ಹೇಳಲೇಬೇಕು. ಲ್ಯೂಟಿನ ತಂತಿ ಮೀಟಿದರೆ ಸ್ವರ ಬೇಗ ಆರಿಹೋಗುತ್ತೆ. ತಂಬೂರಿಯದ್ದು ಹಾಗಲ್ಲ. ಕುದುರೆಯ ಮೇಲೆ ತಂತಿಯ ಕೆಳಗೆ ಒಂದು ಸಣ್ಣ ದಾರ ಸೇರಿಸುತ್ತಾರೆ. ಅದರಿಂದ ತಂತಿ ಕುದುರೆಯನ್ನು ಸವರಿಕೊಂಡು ಕಂಪಿಸಿ, ಉಪಸ್ವರಗಳೆಲ್ಲ ಎದ್ದು, ನಾದ ಉದ್ದಕ್ಕೆ ನಿಲ್ಲುತ್ತೆ. ಆ ದಾರಕ್ಕೆ ಹೆಸರು ಜೀವ, ಜೀವಾಳಿ. ನಾಲ್ಕು ತಂತಿ ಒಂದಾದ ಮೇಲೊಂದು ಮೀಟುತ್ತಲೇ ಇದ್ದರೆ ಶ್ರುತಿ ಕಡಿಯೋದೇ ಇಲ್ಲ. ಹಾಡುವವನು ಉಸಿರು ತೆಗೆದುಕೊಳ್ಳೋಕೆ ನಿಂತರೂ ಶ್ರುತಿ ನಿಲ್ಲೋದಿಲ್ಲ. ದೇಹವನ್ನು ತಂಬೂರಿಗೆ, ಜೀವವನ್ನು ನಾದಕ್ಕೆ ಹೋಲಿಸಿದ ತತ್ವಪದಕಾರರು ಆಕಾಶದಿಂದ ರೂಪಕ ತಂದವರಲ್ಲ, ಕೈಯಲ್ಲಿದ್ದ ವಾದ್ಯವನ್ನೇ ನೋಡಿ ಹೇಳಿದವರು.

ಪುರಂದರದಾಸರ ಕಾಲ ಸಂಪ್ರದಾಯದ ಪ್ರಕಾರ 1484–1564. ದಾಸರು ತೀರಿಕೊಂಡಾಗ ಡೌಲ್ಯಾಂಡ್ ತೊಟ್ಟಿಲ ಮಗು. ಜಯನಗರದ ಯಾವ ಸಂಗೀತ ಪಾಠದ ಮನೆ ಮುಂದೆ ಸಂಜೆ ಹೋದರೂ ಮಾಯಾಮಾಳವಗೌಳದ ಸರಳೆ ಕೇಳುತ್ತಲ್ಲ, ಆ ಪಾಠಕ್ರಮ ಹಾಕಿಕೊಟ್ಟವರು ಅವರೇ ಎಂಬುದು ಪ್ರತೀತಿ. ಅವರ ಒಂದು ಪದದಲ್ಲಿ ಯಮನೂ ರಾಮನೂ ಒಬ್ಬನೇ. ನಂಬಿದ ವಿಭೀಷಣನಿಗೆ ಕಂಡದ್ದು ರಾಮ, ನಂಬದ ರಾವಣನಿಗೆ ಕಂಡದ್ದು ಯಮ. ಒಂದೇ ಮುಖ, ನೋಡುವವನ ಪ್ರೀತಿಯ ಮೇಲೆ ಹೆಸರು ಬದಲು. ಇನ್ನೊಂದು ಪದದಲ್ಲಿ, ದಂಡಿಗೆಯನ್ನು ತನ್ನ ಕೈಗೆ ಹಿಡಿಸಿದವಳು ಹೆಂಡತಿ ಅಂತ ಅವಳಿಗೆ ಕೃತಜ್ಞತೆ ಹೇಳುತ್ತಾರೆ. ಡೌಲ್ಯಾಂಡನ ಹಾಡಿನ ಹೆಣ್ಣು ಗಂಡಸನ್ನು 'ಕೊಲ್ಲುವವಳು'. ದಾಸರ ಪದದ ಹೆಣ್ಣು ಅವನ ಕೈಗೆ ವಾದ್ಯ ಕೊಟ್ಟವಳು.

ಸಾಯುವ ಗಂಡಂದಿರು ಬೇಡ ಅಂದವಳು

ದಾಸರಿಗಿಂತ ನಾನೂರು ವರ್ಷ ಹಿಂದೆಯೇ ಅಕ್ಕಮಹಾದೇವಿ ಈ ಲೆಕ್ಕವನ್ನು ತಲೆಕೆಳಗು ಮಾಡಿಟ್ಟಿದ್ದಳು. ಅವಳ ಒಂದು ವಚನದ ಸಾರ ಇಷ್ಟು: ಅಮ್ಮಾ, ನಾನು ಮೆಚ್ಚಿದವನಿಗೆ ಮರಣವಿಲ್ಲ, ಕೊಳೆಯುವ ದೇಹವಿಲ್ಲ, ಆಕಾರವೇ ಇಲ್ಲ, ಈ ಸತ್ತು ಹೋಗುವ ಗಂಡಂದಿರನ್ನು ನಿನ್ನ ಅಡುಗೆಮನೆಯ ಬೆಂಕಿಗೆ ಹಾಕಿಕೋ. ಮಲ್ಲಿಕಾರ್ಜುನ ಮನ್ಸೂರರಂಥವರು ಅಕ್ಕನ ವಚನಗಳನ್ನು ತಂಬೂರಿಯ ಶ್ರುತಿಗೆ ತಂದು ಹಾಡಿದರು. ಸಭೆಯಲ್ಲಿ ಕಣ್ಮುಚ್ಚಿ ಕೇಳಿ, "ಎಂಥ ಭಕ್ತಿ" ಅಂತ ತಲೆದೂಗೋದು ಸುಲಭ.

ಸ್ವಲ್ಪ ಕಣ್ಣು ಬಿಟ್ಟು ಯೋಚಿಸಿ. ಗಂಡ ಸತ್ತರೆ ಹೆಂಡತಿಗೆ ಏನಾಗುತ್ತಿತ್ತು? ಕುಂಕುಮ, ಬಳೆ, ಹೂವು, ಶುಭಕಾರ್ಯದಲ್ಲಿ ಜಾಗ, ಎಲ್ಲವೂ ಅವನ ಜತೆಗೇ ಹೋಗುತ್ತಿತ್ತು. ಅವಳ ಬದುಕಿನ ಅವಧಿಯನ್ನು ಅವನ ದೇಹದ ಅವಧಿಗೆ ಕಟ್ಟಿಹಾಕಿದ್ದರು. ಸಾವಿಲ್ಲದವನನ್ನೇ ಆರಿಸಿಕೊಳ್ಳುತ್ತೇನೆ ಅನ್ನೋದು ಆ ಕಟ್ಟನ್ನೇ ಕಡಿಯುವ ಮಾತು. ಹರಿಹರನ ರಗಳೆಯಲ್ಲಿ ಅಕ್ಕ ರಾಜ ಕೌಶಿಕನನ್ನು ಬಿಟ್ಟು ಹೊರಡುತ್ತಾಳೆ. ಅವಳ ಕಥೆ ಮುಗಿಯೋದು ಶ್ರೀಶೈಲದ ಕದಳಿಯಲ್ಲಿ, 'ಐಕ್ಯ'ದಲ್ಲಿ. ಐಕ್ಯ ಅಂದರೆ ಒಂದಾಗುವುದು. ಇವತ್ತಿಗೂ ಶರಣ ಪರಂಪರೆಯಲ್ಲಿ ತೀರಿಕೊಂಡವರನ್ನು ಲಿಂಗೈಕ್ಯರಾದರು ಅನ್ನುತ್ತೇವೆ. ಸಾವಿಗೆ ಮಿಲನದ ಹೆಸರು!

ಸೂಫಿಗಳದ್ದೂ ಅದೇ ದಾರಿ. ಕಲಬುರಗಿಯ ಖ್ವಾಜಾ ಬಂದೇನವಾಜ್ 1422ರಲ್ಲಿ ತೀರಿಕೊಂಡರು. ಅವರ ಪುಣ್ಯದಿನಕ್ಕೆ ನಡೆಯುವುದು ಉರುಸ್. ಅರಬ್ಬಿಯಲ್ಲಿ ಉರುಸ್ ಅಂದರೆ ಮದುವೆ.

ಶರೀಫರ ತವರು, ಶರೀಫರ ಗಂಡನ ಮನೆ

ಈ ಎರಡು ದಾರಿ ಕೂಡುವ ಸಂತೆ ಶಿಶುನಾಳ ಶರೀಫರು (1819–1889). ಈಗಿನ ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲ್ಲೂಕಿನ ಶಿಶುವಿನಹಾಳದವರು, ಶಾಲಾ ಮಾಸ್ತರರಾಗಿದ್ದವರು, ಕಳಸದ ಗೋವಿಂದ ಭಟ್ಟರ ಶಿಷ್ಯರು. ಅವರ ಗದ್ದುಗೆಗೆ ಇವತ್ತಿಗೂ ಹಿಂದೂಗಳೂ ಮುಸ್ಲಿಮರೂ ನಡೆದುಕೊಳ್ಳುತ್ತಾರೆ. ತಂಬೂರಿಯ ಮೇಲೆಯೇ ಅವರದ್ದೊಂದು ಪದವಿದೆ: ಸ್ವರ ತಿಳಿಯದವನು ಅದನ್ನು ಮುಟ್ಟಬಾರದು ಅನ್ನೋ ಗದರಿಕೆ. ಸೋರುವ ಮನೆ, ಜಾರಿ ಬೀಳಲಿರುವ ಮುದುಕಿ, ಇವೆಲ್ಲ ಅವರಲ್ಲಿ ದೇಹದ ಚಿತ್ರಗಳೇ.

ಪ್ರೀತಿಗೂ ಸಾವಿಗೂ ಸಂಬಂಧಿಸಿದ ಎರಡು ಪದ ಮುಖ್ಯ. ಒಂದರಲ್ಲಿ ಅಕ್ಕರೆಯ ಹೆಂಡತಿ ಸತ್ತಿದ್ದಾಳೆ. ಇನ್ನು ಮಾವನ ಮನೆಯ ಋಣ ಏಕೆ ಹೊರಬೇಕು ಅನ್ನೋದು ಪ್ರಶ್ನೆ. ಶರೀಫರ ಪತ್ನಿ ಫಾತಿಮಾ ಅವರಿಗಿಂತ ಮೊದಲೇ ತೀರಿಕೊಂಡಿದ್ದರು. ಹಾಗಾಗಿ ಇದನ್ನು ಸ್ವಂತ ದುಃಖವಾಗಿಯೂ ಕೇಳಬಹುದು. ಹೆಂಡತಿ ಅಂದರೆ ಮೋಹ, ಮಾವನ ಮನೆ ಅಂದರೆ ಸಂಸಾರ ಅಂತ ಬಿಡಿಸಿದರೆ ತತ್ವವೂ ಆಗುತ್ತೆ.

ಇನ್ನೊಂದು, ಆವತ್ತು ಮಂಟಪದಲ್ಲಿ ಕೇಳಿದ್ದು. ಗಂಡನ ಮನೆಗೆ ಹೊರಟ ಹುಡುಗಿಗೆ ಯಾರೋ ಹೇಳುತ್ತಿದ್ದಾರೆ: ಅಳಬೇಡ, ಬೀಳ್ಕೊಡೋಕೆ ನೆರೆದ ಈ ಜನರಲ್ಲಿ ನಿನ್ನನ್ನು ಉಳಿಸಿಕೊಳ್ಳುವವರು ಯಾರೂ ಇಲ್ಲ. ಮದುವೆ ಮನೆಯಲ್ಲಿ ಇದು ಸಾಂತ್ವನ. ಹೆಣದ ಮುಂದೆ, ಹೊರಟವರನ್ನು ಅಲ್ಲಿ ಕೂತು ಅಳುವ ಯಾರೂ ಉಳಿಸಿಕೊಳ್ಳಲಾರರು ಎಂಬ ನೆನಪು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಸಾವಾದ ಮನೆಯಲ್ಲಿ ರಾತ್ರಿಯಿಡೀ ಭಜನೆ ನಡೆಯುತ್ತೆ. ಅಜ್ಜಿ ಕೇಳಿದ್ದು ಅಲ್ಲಿ.

ಸಾಮಾನ್ಯವಾಗಿ ನಮ್ಮ ವಿವರಣೆ ಇಲ್ಲಿಗೆ ನಿಲ್ಲುತ್ತೆ. ತಂಗಿ ಅಂದರೆ ಜೀವ, ತವರು ಅಂದರೆ ಇಹ, ಗಂಡನ ಮನೆ ಅಂದರೆ ಪರ; ಅಧ್ಯಾತ್ಮ ಮುಗೀತು, ಚಪ್ಪಾಳೆ. ಆದರೆ ರೂಪಕ ಎರಡೂ ಕಡೆ ಕೆಲಸ ಮಾಡುತ್ತೆ. ಸಾವನ್ನು ಹೇಳೋಕೆ ಹೆಣ್ಣಿನ ಮದುವೆ ಅಷ್ಟು ಚೆನ್ನಾಗಿ ಒದಗಿಬಂತು ಅಂದರೆ, ಆ ಮದುವೆ ಹೇಗಿದ್ದಿರಬೇಕು? ಹುಟ್ಟಿದ ಮನೆ ಬಿಡಬೇಕು, ಕೆಲವು ಕಡೆ ಹೆಸರೂ ಬದಲಾಗುತ್ತೆ, ಹೋಗುವ ಜಾಗ ಅವಳು ಆರಿಸಿದ್ದಲ್ಲ, ಅಲ್ಲಿ ಹೇಗಿರುತ್ತೋ ಗೊತ್ತಿಲ್ಲ, ಹಿಂತಿರುಗುವ ಹಕ್ಕಿಲ್ಲ, ಎಲ್ಲರೂ ಅಳುತ್ತಾರೆ ಆದರೆ ಯಾರೂ ತಡೆಯೋದಿಲ್ಲ. ಕೇಳುತ್ತಿದ್ದ ಹೆಂಗಸರಿಗೆ ಇದನ್ನು ಬಿಡಿಸಿ ಹೇಳಬೇಕಿರಲಿಲ್ಲ. ಸಾವು ಹೇಗಿರುತ್ತೆ ಅಂದರೆ ನಿನ್ನ ಮದುವೆ ದಿನದ ಹಾಗೆ ಅಂದ ತಕ್ಷಣ ಅವರಿಗೆ ಅರ್ಥವಾಗುತ್ತಿತ್ತು.

ರೂಪಕವೇ ಇಲ್ಲದ ಸಾವು: ಕೆರೆಗೆ ಹಾರ

ಈ ಮಾತು ಅತಿಯಾಯಿತು ಅನ್ನಿಸಿದರೆ ಶಾಲೆಯಲ್ಲಿ ಓದಿದ 'ಕೆರೆಗೆ ಹಾರ' ಎಂಬ ಜನಪದ ಕಥನಗೀತೆ ನೆನಪಿಸಿಕೊಳ್ಳಿ. ಕಲ್ಲನಕೇರಿಯ ಗೌಡ ಕಟ್ಟಿಸಿದ ಕೆರೆಗೆ ನೀರು ಬರಲಿಲ್ಲ. ಶಾಸ್ತ್ರದವರು ಸೊಸೆಯನ್ನು ಬಲಿ ಕೊಡಬೇಕು ಅಂದರು. ಹಿರಿಯ ಸೊಸೆ ಹೋದರೆ ಮನೆಯ ಹಿರಿತನಕ್ಕೆ ಯಾರು? ಹಾಗಾಗಿ ಕಿರಿಯಳಾದ ಭಾಗೀರಥಿ. ಅವಳು ತವರಿಗೆ ಓಡುತ್ತಾಳೆ, ಅಪ್ಪ ಅಮ್ಮನಿಗೆ ಸತ್ಯ ಹೇಳಲಾಗೋದಿಲ್ಲ, ಗೆಳತಿಗೆ ಮಾತ್ರ ಹೇಳುತ್ತಾಳೆ. ಗೆಳತಿಯೂ ಕೊನೆಗೆ ಹೋಗೆಂದೇ ಹೇಳುತ್ತಾಳೆ. ದಂಡಿನಲ್ಲಿದ್ದ ಗಂಡನಿಗೆ ಸುದ್ದಿಯಿಲ್ಲ. ಪೂಜೆ ಮುಗಿಸಿ ಅವಳು ಮೆಟ್ಟಿಲು ಮೆಟ್ಟಿಲಾಗಿ ಹತ್ತಿ ಬರುವಾಗ ನೀರು ಪಾದಕ್ಕೆ, ಮೊಣಕಾಲಿಗೆ, ನಡುವಿಗೆ, ಎದೆಗೆ ಏರುತ್ತೆ. ಗಂಡ ಬಂದು, ನಿಜ ತಿಳಿದು, ಅದೇ ಕೆರೆಗೆ ಹಾರುತ್ತಾನೆ.

ಡೌಲ್ಯಾಂಡನ ಹಾಡಿನಲ್ಲಿ ರಾಗ ಇಂದ್ರಿಯದಿಂದ ಇಂದ್ರಿಯಕ್ಕೆ ಏರಿ 'ಸಾವು' ಮುಟ್ಟಿತಲ್ಲ, ಇಲ್ಲೂ ಏರಿಕೆ ಹಾಗೇ. ಆದರೆ ಏರುತ್ತಿರೋದು ನೀರು, ಸಾವು ನಿಜವಾದ್ದು. ಅಲ್ಲಿ ಸಾಯ್ತೀನಿ ಅನ್ನುವ ಗಂಡಸು ಹಾಡು ಮುಗಿಸಿ ಮನೆಗೆ ಹೋಗುತ್ತಾನೆ. ಇಲ್ಲಿ ಸಾಯುವವಳನ್ನು ಯಾರೂ ಕೇಳಿಲ್ಲ.

ನಮ್ಮ ದಕ್ಷಿಣ ಬೆಂಗಳೂರಿಗೂ ಇಂಥದ್ದೇ ಕಥೆಯಿದೆ. ಕೆಂಪೇಗೌಡರ ಕೋಟೆಯ ಬಾಗಿಲು ಪದೇ ಪದೇ ಕುಸಿಯುತ್ತಿತ್ತಂತೆ, ಗರ್ಭಿಣಿ ಸೊಸೆ ಲಕ್ಷ್ಮೀದೇವಿ ರಾತ್ರಿ ಹೋಗಿ ತನ್ನ ತಲೆ ಅರ್ಪಿಸಿದಳಂತೆ. ಐತಿಹ್ಯವೇ ಇರಬಹುದು, ಆದರೆ ಅವಳ ಸಮಾಧಿ ಅಂತ ತೋರಿಸುವ ಸ್ಥಳ ಕೋರಮಂಗಲದಲ್ಲಿದೆ. ಬಿಟಿಎಂ ಲೇಔಟ್‌ನಿಂದ ಆಟೋದಲ್ಲಿ ಹೋಗುವಷ್ಟು ದೂರ. ಕಥೆ ಹೇಳುವವರು 'ತ್ಯಾಗ' ಅನ್ನುತ್ತಾರೆ. ತ್ಯಾಗ ಮಾಡಿದವಳ ಬಾಯಲ್ಲಿ ಆ ಪದ ಕೇಳಿದವರು ಯಾರೂ ಇಲ್ಲ.

ನಾಲ್ಕು ತಂತಿ

20ನೇ ಶತಮಾನಕ್ಕೆ ಬಂದರೆ ದ.ರಾ. ಬೇಂದ್ರೆ (1896–1981). ತೀರಿಹೋದ ಮಗುವಿನ ಮುಂದೆ ಗಂಡ ಹೆಂಡತಿಯ ಕಣ್ಣು ನೋಡಲಾರದೆ ಮಾತಾಡುವ ಅವರ ಕವಿತೆ ಸುಗಮ ಸಂಗೀತದಲ್ಲಿ ಮನೆಮಾತು. ಅದನ್ನು ಪ್ರೇಮಗೀತೆ ಅಂತ ತಿಳಿದು ಸ್ಟೇಟಸ್ ಹಾಕಿಕೊಂಡ ಗೆಳೆಯರು ನನಗಿದ್ದಾರೆ. ಪೂರ್ತಿ ತಪ್ಪು ಅನ್ನೋಕಾಗಲ್ಲ. ಅದು ಪ್ರೇಮಗೀತೆಯೇ, ಸಾವಿನ ಎದುರು ಇಬ್ಬರು ಸಮಾನರಾಗಿ ನಿಂತ ಪ್ರೇಮಗೀತೆ. ಇಲ್ಲಿ ಯಾರೂ ಯಾರಿಗೋಸ್ಕರ ಸಾಯುತ್ತಿಲ್ಲ, ಇಬ್ಬರೂ ಒಟ್ಟಿಗೆ ಒಂದು ಸಾವನ್ನು ಹೊರುತ್ತಿದ್ದಾರೆ. ಅದೇ ಬೇಂದ್ರೆಯವರು 1964ರ 'ನಾಕು ತಂತಿ'ಯಲ್ಲಿ ನಾನು, ನೀನು, ಆನು, ತಾನು ಎಂಬ ನಾಲ್ಕನ್ನು ತಂತಿಗಳಾಗಿಸಿದರು. ಒಂದು ಕಡಿದರೂ ಶ್ರುತಿ ಇಲ್ಲ.

ಈ ಹಾಡುಗಳೆಲ್ಲ ಹಳ್ಳಿಯ ಭಜನೆಯಿಂದ, ಪುಸ್ತಕದಿಂದ ನಮ್ಮ ನಗರದ ಮಂಟಪಕ್ಕೆ ಬಂದದ್ದು ಬಹುಪಾಲು ಕ್ಯಾಸೆಟ್ ದಾರಿಯಲ್ಲಿ. ಅದರಲ್ಲಿ ಸಿ. ಅಶ್ವಥ್ (1939–2009) ಅವರ ಪಾಲು ದೊಡ್ಡದು. ಬೆಂಗಳೂರಿನ ಐಟಿಐ ಕಾರ್ಖಾನೆಯಲ್ಲಿ ನೌಕರಿ ಮಾಡುತ್ತಲೇ ಶರೀಫರನ್ನು ನಾಡಿಗೆಲ್ಲ ಹಾಡಿಸಿದವರು. 1990ರಲ್ಲಿ ಟಿ.ಎಸ್. ನಾಗಾಭರಣ ನಿರ್ದೇಶಿಸಿದ 'ಸಂತ ಶಿಶುನಾಳ ಶರೀಫ' ಚಿತ್ರಕ್ಕೂ ಅವರದ್ದೇ ಸಂಗೀತ. ಅವರಿಲ್ಲದಿದ್ದರೆ ನನ್ನಂಥವರಿಗೆ ಶರೀಫರು ಗೊತ್ತಾಗುತ್ತಲೇ ಇರಲಿಲ್ಲ. ಆದರೆ ಕ್ಯಾಸೆಟ್ ಹಾಡನ್ನು ಸಂದರ್ಭದಿಂದ ಬಿಡಿಸಿತು. ಹೆಣದ ಪಕ್ಕದ ಪದ ಮದುವೆ ಊಟದ ಪಕ್ಕಕ್ಕೆ ಬಂತು. 2021ರ ಏಪ್ರಿಲ್–ಮೇನಲ್ಲಿ ನಗರದ ಚಿತಾಗಾರಗಳ ಮುಂದೆ ಆಂಬುಲೆನ್ಸ್‌ಗಳು ಸಾಲು ನಿಂತಾಗ, ಬೀಳ್ಕೊಡೋಕೂ ಜನವಿಲ್ಲದೆ ಹೋದವರನ್ನು ನೋಡಿದಾಗ, ಆ ಪದದ ಇನ್ನೊಂದು ಅರ್ಥ ನಮ್ಮ ತಲೆಮಾರಿಗೂ ಸ್ವಲ್ಪ ತಟ್ಟಿತು.

ಯಾರ ಸಾವು, ಯಾರ ತೀರ್ಮಾನ

ಹಾಡಿನಲ್ಲಿ ಪ್ರೀತಿ ಮತ್ತು ಸಾವು ಜತೆಗೆ ಬಂದಾಗ ನಾನೀಗ ಎರಡೇ ಪ್ರಶ್ನೆ ಕೇಳಿಕೊಳ್ಳುತ್ತೇನೆ. ಸಾಯುವವರು ಯಾರು? ತೀರ್ಮಾನ ಯಾರದ್ದು? ಡೌಲ್ಯಾಂಡನಲ್ಲಿ ಗಂಡಸು, ತನ್ನದೇ ತೀರ್ಮಾನ, ಅದೂ ಮಾತಿನಲ್ಲಿ. ಅಕ್ಕನಲ್ಲಿ ಸಾಯುವವರು ಗಂಡಂದಿರು, ತೀರ್ಮಾನ ಅವಳದ್ದು. ಕೆರೆಗೆ ಹಾರದಲ್ಲಿ ಸಾಯುವವಳು ಸೊಸೆ, ತೀರ್ಮಾನ ಮಾವನದ್ದು. ಶರೀಫರಲ್ಲಿ ಹೊರಟವರನ್ನು ಯಾರೂ ಉಳಿಸಿಕೊಳ್ಳಲಾರರು, ಬೀಳ್ಕೊಡುವವರೂ ಸೇರಿ. ಆ ಪದದ ಸಮಾನತೆ ಇರುವುದು ಅಲ್ಲೇ.

ಈ ಲೆಕ್ಕ ಹಳೇ ಹಾಡಿಗೆ ಮಾತ್ರ ಅಂದುಕೊಳ್ಳಬೇಡಿ. ಬದುಕಿರುವ ಹೆಣ್ಣಿಗೆ ಶ್ರಾದ್ಧ ಮಾಡುವ ಆಚರಣೆಗೆ ನಮ್ಮಲ್ಲಿ ಹೆಸರೇ ಇದೆ. ಯು.ಆರ್. ಅನಂತಮೂರ್ತಿಯವರ ಕಥೆಯಿಂದ ಗಿರೀಶ್ ಕಾಸರವಳ್ಳಿ 1977ರಲ್ಲಿ 'ಘಟಶ್ರಾದ್ಧ' ಮಾಡಿದರು, ಅದಕ್ಕೆ ರಾಷ್ಟ್ರಪ್ರಶಸ್ತಿಯೂ ಬಂತು. ನಾವು ಅದನ್ನು ಹಳೇ ಅಗ್ರಹಾರದ ಕಥೆ ಅಂತ ನೋಡಿದೆವು. ಇಬ್ಬರು ವಯಸ್ಕರ ಮದುವೆಗೆ ಅವರಿಬ್ಬರ ಒಪ್ಪಿಗೆ ಸಾಕು, ಕುಟುಂಬದ್ದೋ ಕುಲದ್ದೋ ಸಮುದಾಯದ್ದೋ ಬೇಕಿಲ್ಲ ಅಂತ ಸುಪ್ರೀಂ ಕೋರ್ಟ್ 2018ರ ಶಕ್ತಿ ವಾಹಿನಿ ತೀರ್ಪಿನಲ್ಲಿ ಹೇಳಬೇಕಾಗಿ ಬಂತು. ಆ ಮೊಕದ್ದಮೆ ಇದ್ದದ್ದು ಮರ್ಯಾದೆಯ ಹೆಸರಿನ ಕೊಲೆಗಳ ಬಗ್ಗೆ. 'ಸತ್ತಳು ಅಂದುಕೊಳ್ತೀನಿ' ಎಂಬ ಮಾತಿಗೂ ಆ ಕೊಲೆಗಳಿಗೂ ನಡುವೆ ದೂರ ಇದೆ, ನಿಜ. ಆದರೆ ರಸ್ತೆ ಒಂದೇ. ಎರಡೂ ಕಡೆ ಹೆಣ್ಣಿನ ಪ್ರೀತಿಯನ್ನು ಸಾವು ಅಂತ ಅನುವಾದಿಸುವ ಅಧಿಕಾರ ತನ್ನದು ಅಂತ ಮನೆ ನಂಬಿದೆ.

ಹಾಗಂತ ಮದುವೆ ಮನೆಯಲ್ಲಿ ಆ ಪದ ಹಾಡಬೇಡಿ ಅಂತ ನಾನು ಹೇಳೋದಿಲ್ಲ. ಹಾಡಲಿ. ಆದರೆ ತಂಗಿಯನ್ನು ಜೀವಾತ್ಮ ಮಾಡಿ ಮೇಲಕ್ಕೆ ಕಳಿಸುವ ಮೊದಲು, ಅವಳು ತಂಗಿ ಅನ್ನೋದನ್ನು ಒಂದು ಕ್ಷಣ ನೋಡೋಣ. ಅವಳು ಹೊರಟಿರೋದು ತಾನೇ ಆರಿಸಿದ ಕಡೆಗಾ? ಬೇಕಾದಾಗ ವಾಪಸ್ ಬರಬಹುದಾ? ಎರಡಕ್ಕೂ ಹೌದು ಅಂತಾದರೆ ಆ ಹಾಡು ಮೊದಲ ಬಾರಿಗೆ ಬರೀ ಅಧ್ಯಾತ್ಮ ಆಗುತ್ತೆ.

ತಂಗಿ ಈಗ ಬಿಟಿಎಂ ಲೇಔಟ್‌ನಲ್ಲಿದ್ದಾಳೆ. ಕಾಕಾ ಇನ್ನೂ ಮಾತಾಡಿಲ್ಲ. ಅಜ್ಜಿ ಮಾತ್ರ ಹೋದ ತಿಂಗಳು ಯಾರಿಗೂ ಹೇಳದೆ, ನನ್ನ ಕೈಲಿ ಆಟೋ ಬುಕ್ ಮಾಡಿಸಿಕೊಂಡು ಅವಳ ಮನೆಗೆ ಹೋಗಿ ನಾಲ್ಕು ದಿನ ಇದ್ದು ಬಂದರು. ವಾಪಸ್ ಬಂದ ದಿನ ಎಲೆ ಅಡಿಕೆ ಹಾಕ್ಕೊಳ್ತಾ, ಕಾಕಾನಿಗೆ ಕೇಳೋ ಹಾಗೆ ಜೋರಾಗೇ ಹೇಳಿದರು: "ಸತ್ತಾಕಿ ಕೈಯಾಗ ಚಾ ಕುಡದ ಬಂದೆ ನೋಡ್ಪಾ. ಸಕ್ಕರಿ ಒಂಚೂರು ಹೆಚ್ಚಾಗಿತ್ತು."